ಎರಡು ವರ್ಷದ ಅನುದಾನ, ಮೂರನೇ ವರ್ಷದ ಬಾಡಿಗೆ



ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದ ನಮ್ಮ ಖಜಾಂಚಿಯವರು ನನ್ನ ಎಲೆಯ ಮುಂದೆ ನಿಂತು, "ನೋಡಪ್ಪಾ, ನೀನು ಸಾಫ್ಟ್‌ವೇರ್‌ನವನು, ಓದಿ ಹುಡುಕಿ ಬರೆಯೋ ಅಭ್ಯಾಸ ಇದೆ. ಈ ಅನುದಾನದ ವಿಷಯ ಸ್ವಲ್ಪ ನೋಡಿ ಎಲ್ಲರಿಗೂ ಅರ್ಥ ಆಗೋ ಹಾಗೆ ಬರಿ" ಎಂದರು. ಬಾಯಲ್ಲಿ ಹೋಳಿಗೆ ಇದ್ದವನಿಗೆ 'ಆಗಲ್ಲ' ಅನ್ನಲು ಆಗಲಿಲ್ಲ. ಆ ಹೋಂವರ್ಕೇ ಈ ಲೇಖನ.

ವಿಷಯ ಇಷ್ಟು. ಕರ್ನಾಟಕದಿಂದ ಮ್ಯೂನಿಕ್‌ಗೆ ಓದಲು ಬರುವ ಹುಡುಗ ಹುಡುಗಿಯರಿಗೆ ಮೊದಲ ಕೆಲವು ತಿಂಗಳು ಮನೆ ಸಿಗುವುದೇ ದೊಡ್ಡ ಕಷ್ಟ. ನಮ್ಮ ಸಂಘ ಎರಡು ಫ್ಲ್ಯಾಟ್‌ಗಳನ್ನು ಬಾಡಿಗೆಗೆ ಹಿಡಿದು ಅವರಿಗೆ ಕಡಿಮೆ ದರದಲ್ಲಿ ಕೊಡಬೇಕು, ಜೊತೆಗೆ ಬ್ಯಾಂಕು, ವಿಮೆ, ಬಾಡಿಗೆ ಕರಾರು, ಸಾಲ ಇತ್ಯಾದಿ ದುಡ್ಡಿನ ವ್ಯವಹಾರವನ್ನೂ ಕಲಿಸಬೇಕು, ಇದಕ್ಕೆಲ್ಲ ಅನುದಾನ ಕೇಳಬೇಕು ಎಂಬುದು ಒಂದಷ್ಟು ಸದಸ್ಯರ ಸಲಹೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದು ಮತಕ್ಕೆ ಬರಲಿದೆ.

ಸಲಹೆಯ ಹಿಂದಿನ ಕಷ್ಟ ನನಗೆ ಚೆನ್ನಾಗಿ ಗೊತ್ತು. 2015ರಲ್ಲಿ ಎಂ.ಎಸ್. ಮಾಡಲು ಹೊರಟಾಗ ಊರಲ್ಲಿ ಕುಳಿತೇ ಇಂಟರ್‌ನೆಟ್‌ನಲ್ಲಿ ಒಂದು ರೂಮು ನೋಡಿ, 'ಮನೆ ಮಾಲೀಕ' ಎಂದವನ ಖಾತೆಗೆ 850 ಯೂರೋ ಅಡ್ವಾನ್ಸ್ ಕಳಿಸಿದ್ದೆ. ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ ಎಂದಿದ್ದ. ಇನ್ನೂ ಬರುತ್ತಲೇ ಇದೆ! ಗೆಳೆಯನೊಬ್ಬನ ಅಡುಗೆಮನೆಯ ನೆಲದಲ್ಲಿ ಆರು ವಾರ ಮಲಗಿದೆ. ಸೈಟು ಅಡವಿಟ್ಟು ಸಾಲ ತೆಗೆದುಕೊಟ್ಟಿದ್ದ ಅಪ್ಪನಿಗೆ ಈ ಕಥೆ ಇವತ್ತಿಗೂ ಹೇಳಿಲ್ಲ. (ಈ ಪತ್ರವನ್ನು ದಯವಿಟ್ಟು ಯಾರೂ ಅವರಿಗೆ ಫಾರ್ವರ್ಡ್ ಮಾಡಬೇಡಿ.) 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49,000. ಹೊರದೇಶದ ವಿದ್ಯಾರ್ಥಿಗಳಲ್ಲಿ ನಮ್ಮವರೇ ಮೊದಲ ಸ್ಥಾನದಲ್ಲಿದ್ದರು. ನನ್ನಂಥ ಪೆದ್ದರು ಅವರಲ್ಲಿ ಇಲ್ಲವೇ ಇಲ್ಲ ಅನ್ನಲಾಗದು.

ಹಾಗಾಗಿ ಮೊದಲು ನಾನೂ ಈ ಸಲಹೆಯ ಪರವಾಗಿಯೇ ಇದ್ದೆ. ಓದುತ್ತಾ ಹೋದಂತೆ ಒಂದು ಪ್ರಶ್ನೆ ತಲೆ ತಿನ್ನತೊಡಗಿತು. ಅನುದಾನ ಮುಗಿದ ಮೇಲೆ ಏನು?

ಉತ್ತರ ಹುಡುಕಲು ಒಂದು ಶನಿವಾರ ರೈಲು ಹತ್ತಿ ಔಗ್ಸ್‌ಬುರ್ಗ್‌ಗೆ ಹೋದೆ. ನಮ್ಮಲ್ಲಿ ಹಲವರು ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿಸಿರುವ ಫುಗ್ಗರೈ ಇರುವುದು ಅಲ್ಲೇ. ಕಡಿಮೆ ಬಾಡಿಗೆಯ ವಸತಿ ಎಂದರೆ ಇದಕ್ಕಿಂತ ಹಳೆಯ ಪಾಠಶಾಲೆ ಬೇಕಿಲ್ಲ. ಯಾಕೋಬ್ ಫುಗ್ಗರ್ ಎಂಬ ಆಗರ್ಭ ಶ್ರೀಮಂತ ವರ್ತಕ 1521ರ ಆಗಸ್ಟ್ 23ರಂದು ಇದರ ದತ್ತಿಪತ್ರ ಬರೆಸಿದ. ಹಳದಿ ಗೋಡೆ, ಹಸಿರು ಕಿಟಕಿ ಬಾಗಿಲುಗಳ ಸಾಲು ಮನೆಗಳು, ಸುತ್ತ ಗೋಡೆ, ರಾತ್ರಿ ಹತ್ತಕ್ಕೆ ಬೀಗ ಬೀಳುವ ಹೆಬ್ಬಾಗಿಲು. ತಡವಾಗಿ ಬಂದವರು ಕಾವಲುಗಾರನಿಗೆ ಚಿಲ್ಲರೆ ಕಾಸು ಕೊಡಬೇಕು. ಈಗ ಅಲ್ಲಿ 67 ಕಟ್ಟಡಗಳಿದ್ದು, ಸುಮಾರು 150 ಜನ ವಾಸವಾಗಿದ್ದಾರೆ. ಬಾಡಿಗೆ ವರ್ಷಕ್ಕೆ ಒಂದು ರೈನ್ ಗುಲ್ಡನ್, ಅಂದರೆ ಇಂದಿನ ಲೆಕ್ಕದಲ್ಲಿ 88 ಸೆಂಟು. ತಿಂಗಳಿಗಲ್ಲ, ವರ್ಷಕ್ಕೆ! ಅಂದು ಅದು ಒಬ್ಬ ಕುಶಲಕರ್ಮಿಯ ಸುಮಾರು ಒಂದು ವಾರದ ಕೂಲಿಯಾಗಿತ್ತು. ಐನೂರು ವರ್ಷಗಳಿಂದ ಅದನ್ನು ಏರಿಸಿಲ್ಲ. ಹೀಟಿಂಗ್, ಕರೆಂಟು ಮಾತ್ರ ಅವರವರದೇ.

ಶರತ್ತುಗಳೂ ಇವೆ. ಔಗ್ಸ್‌ಬುರ್ಗ್‌ನವರಾಗಿರಬೇಕು, ಕ್ಯಾಥೊಲಿಕ್ ಆಗಿರಬೇಕು, ತಮ್ಮ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವರಾಗಿರಬೇಕು, ದಿನಕ್ಕೆ ಮೂರು ಪ್ರಾರ್ಥನೆಗಳನ್ನು ದಾನಿಯ ಮನೆತನದ ಹೆಸರಲ್ಲಿ ಹೇಳಬೇಕು. ಫುಗ್ಗರ್ ಇದನ್ನು ಕಟ್ಟಿಸಿದ್ದು ಭಿಕ್ಷೆ ಬೇಡುವವರಿಗಲ್ಲ, ದುಡಿದೂ ಸಾಲದೇ ಬರುವ ಕೂಲಿಕಾರರಿಗೆ, ಕಸುಬುದಾರರಿಗೆ. ಬಾಡಿಗೆಯ ಹೊರೆ ಇಳಿದರೆ ಅವರೇ ಮೇಲೇಳುತ್ತಾರೆ ಎಂಬುದು ಲೆಕ್ಕಾಚಾರ. ಸಂಗೀತಗಾರ ಮೊಟ್ಸಾರ್ಟ್‌ನ ಮುತ್ತಜ್ಜ, ಗಾರೆ ಕೆಲಸದ ಮೇಸ್ತ್ರಿ ಫ್ರಾಂಟ್ಸ್ ಮೊಟ್ಸಾರ್ಟ್ 1681ರಿಂದ 1694ರವರೆಗೆ ಇಲ್ಲೇ ಇದ್ದ.

ಒಂದು ಅಡ್ಡಮಾತು. ಬೆಳ್ಳಿ, ತಾಮ್ರದ ಗಣಿ ಮತ್ತು ರಾಜರಿಗೆ ಕೊಟ್ಟ ಸಾಲ ಫುಗ್ಗರನ ಮುಖ್ಯ ವ್ಯಾಪಾರ. ಆದರೆ 1505ರಲ್ಲಿ ಅಲ್ಮೇಡಾನ ಮುಂದಾಳುತನದಲ್ಲಿ ಭಾರತಕ್ಕೆ ಹೊರಟ ಪೋರ್ಚುಗೀಸ್ ನೌಕಾಪಡೆಗೆ ಜರ್ಮನ್ ವರ್ತಕರು ಬಂಡವಾಳ ಹಾಕಿದ್ದರು, ಅದರಲ್ಲಿ ಫುಗ್ಗರ್ ಮನೆತನದ ಪಾಲೂ ಇತ್ತು. ಆ ಪಡೆ ಕಾರವಾರದ ಎದುರಿನ ಅಂಜುದೀವದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ಮೇಲೆ ದಾಳಿ ಮಾಡಿ ಅಲ್ಲಿನ ಹಡಗುಗಳನ್ನು ಸುಟ್ಟಿತು. ಉತ್ತರ ಕನ್ನಡದ ನನ್ನಂಥವನು ಆ ಅಂಗಳದಲ್ಲಿ ನಿಂತಾಗ ದಾನಿಯನ್ನು ಹೊಗಳಲು ಸ್ವಲ್ಪ ನಾಲಿಗೆ ತಡೆಯುತ್ತದೆ. ಇರಲಿ, ನಾವು ನೋಡಬೇಕಾದ್ದು ದಾನದ ಕಟ್ಟುಪಾಡನ್ನು.

ಐನೂರು ವರ್ಷ ಉಳಿದದ್ದು ಹೇಗೆ? ಮೂವತ್ತು ವರ್ಷದ ಯುದ್ಧದಲ್ಲಿ ಹಾಳಾಯಿತು. 1944ರ ಫೆಬ್ರವರಿ 25-26ರ ರಾತ್ರಿಯ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋಯಿತು, ನಿವಾಸಿಗಳು ಒಳಗಿನ ಬಂಕರ್‌ನಲ್ಲಿ ಜೀವ ಉಳಿಸಿಕೊಂಡರು. (ಆ ಬಂಕರ್ ಈಗ ವಸ್ತುಸಂಗ್ರಹಾಲಯ, ಮಕ್ಕಳನ್ನು ಕರೆದೊಯ್ಯಿರಿ.) ಎರಡು ಸಲವೂ ಮತ್ತೆ ಎದ್ದಿತು. ಕಾರಣ, ಫುಗ್ಗರ್ ಕೊಟ್ಟದ್ದು ಬರೀ ಮನೆಗಳನ್ನಲ್ಲ, ಮನೆಗಳನ್ನು ಸಾಕುವ ಮೂಲಧನವನ್ನೂ ಕೊಟ್ಟ. ಅವನ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಊರಿನ ಸಂತ ಉಲ್ರಿಚ್‌ನ ಹೆಸರಲ್ಲೇ ಒಂದು ಖಾತೆ ಇತ್ತಂತೆ. ನಮ್ಮ ದೇವರ ಹುಂಡಿಗಿಂತ ಒಂದು ಹೆಜ್ಜೆ ಮುಂದೆ! ಮುಂದೆ ಆ ಹಣ ಕಾಡಾಗಿ ಬದಲಾಯಿತು. ಇಂದು ಫುಗ್ಗರ್ ದತ್ತಿಸಂಸ್ಥೆಗೆ ಮೂರು ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾಡಿದೆ. ಮರದ ಆದಾಯ, ಬೇರೆ ಕಟ್ಟಡಗಳ ಬಾಡಿಗೆ, ಪ್ರವಾಸಿಗರ ಟಿಕೆಟ್, ಇವು ಮನೆಗಳನ್ನು ನಡೆಸುತ್ತವೆ. 1923ರ ಭೀಕರ ಹಣದುಬ್ಬರದಲ್ಲಿ ನಗದನ್ನೇ ನಂಬಿದ್ದ ಜರ್ಮನಿಯ ಎಷ್ಟೋ ದತ್ತಿಗಳು ಕೊಚ್ಚಿಹೋದವು, ಕಾಡು ಮಾತ್ರ ನಿಂತಲ್ಲೇ ನಿಂತಿತ್ತು.

ಇದು ನಮಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ನಂದಾದೀಪಕ್ಕೆ ಎಣ್ಣೆ ಕೊಟ್ಟರು ಎಂದು ಬರೆದು ಬಿಡುವುದಿಲ್ಲ, ಎಣ್ಣೆ ಬರಲು ಇಂಥ ಗದ್ದೆ, ಇಂಥ ತೋಟ, ಆಚಂದ್ರಾರ್ಕವಾಗಿ ಎಂದು ಬರೆದಿರುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನೋಡಿ. 1903ರಲ್ಲಿ ಆರಂಭವಾದದ್ದು, ರೈಲಿಳಿದು ಬಂದವರಿಗೆ, ಓದುವ ಮಕ್ಕಳಿಗೆ ಆಸರೆಯಾಗಿ, ಒಂದು ಧರ್ಮಸಂಸ್ಥೆಯ ಆಸ್ತಿಯ ಬಲದಿಂದ ನಡೆದುಕೊಂಡು ಬಂದಿದೆ. ನಮ್ಮಪ್ಪ ಸಂದರ್ಶನಕ್ಕೆಂದು ಮೊದಲ ಸಲ ಬೆಂಗಳೂರಿಗೆ ಬಂದಾಗ ಇಳಿದುಕೊಂಡದ್ದು ಅಲ್ಲೇ. ಖಜಾಂಚಿಯವರ ಮನಸ್ಸಿನಲ್ಲಿರುವುದೂ ಮ್ಯೂನಿಕ್‌ನ ಒಂದು ತೋಟದಪ್ಪ ಛತ್ರವೇ ಎಂದು ನನ್ನ ಊಹೆ.

ಈಗ ಅನುದಾನಕ್ಕೆ ಬರೋಣ. ಇದರ ಸ್ವಭಾವವೇ ಬೇರೆ. ದತ್ತಿನಿಧಿಯಲ್ಲಿ ಮೂಲಧನ ಮುಟ್ಟಬಾರದು, ಅದರ ಆದಾಯ ಮಾತ್ರ ಖರ್ಚು. ಅನುದಾನದಲ್ಲಿ ಕೊಟ್ಟದ್ದನ್ನೆಲ್ಲ ಹೇಳಿದ ಅವಧಿಯೊಳಗೆ, ಹೇಳಿದ ಕೆಲಸಕ್ಕೇ ಖರ್ಚು ಮಾಡಿ ಮುಗಿಸಬೇಕು. ಉಳಿಸಿದರೆ ಶಭಾಷ್ ಅನ್ನುವುದಿಲ್ಲ, ವಾಪಸ್ ಕೇಳುತ್ತಾರೆ! ಜರ್ಮನಿಯ ಸರ್ಕಾರಿ ಅನುದಾನಗಳಲ್ಲಿ ಸಾಮಾನ್ಯವಾಗಿ ಸಂಘವೂ ತನ್ನ ಪಾಲು ಹಾಕಬೇಕು. ಮಂಜೂರಾತಿ ಪತ್ರ ಕೈಗೆ ಬರುವ ಮೊದಲೇ ಕೆಲಸ ಶುರು ಮಾಡಿದರೆ, ಉದಾಹರಣೆಗೆ ಬಾಡಿಗೆ ಕರಾರಿಗೆ ಸಹಿ ಹಾಕಿದರೆ, ಅರ್ಜಿಯೇ ಬಿದ್ದುಹೋಗುವ ಸಂಭವ ಉಂಟು. ಕೊನೆಗೆ ಫೆರ್‌ವೆಂಡುಂಗ್ಸ್‌ನಾಖ್‌ವೈಸ್ ಎಂಬ, ಉಚ್ಚರಿಸುವಷ್ಟರಲ್ಲಿ ಚಹಾ ತಣ್ಣಗಾಗುವ ಕಾಗದ ಒಪ್ಪಿಸಬೇಕು. ಅಂದರೆ ಪ್ರತಿ ಸೆಂಟು ಎಲ್ಲಿ ಹೋಯಿತು, ಉದ್ದೇಶ ಈಡೇರಿತೇ ಎಂಬ ಲೆಕ್ಕ ಮತ್ತು ವರದಿ. ಇದೆಲ್ಲ ನ್ಯಾಯವೇ, ತೆರಿಗೆದಾರರ ದುಡ್ಡಲ್ಲವೇ. ಆದರೆ ಹೆಚ್ಚಿನ ದಾನಿಗಳು 'ಯೋಜನೆ'ಗೆ ಕೊಡುತ್ತಾರೆ, ತಿಂಗಳು ತಿಂಗಳ ಬಾಡಿಗೆಗೆ ಕೊಡುವವರು ಕಡಿಮೆ. ಮನೆಯೋ ತಿಂಗಳು ತಿಂಗಳೂ ಬಾಯಿ ತೆರೆಯುವ ವಸ್ತು.

ಲೆಕ್ಕ ಹಾಕಿ ನೋಡಿದೆ. ಎರಡು ಫ್ಲ್ಯಾಟ್, ಎಲ್ಲ ಖರ್ಚು ಸೇರಿ ತಲಾ 1,800 ಯೂರೋ ಅಂದುಕೊಳ್ಳೋಣ. ವರ್ಷಕ್ಕೆ 43,200. ಆರು ವಿದ್ಯಾರ್ಥಿಗಳು ತಲಾ 400 ಕೊಡುತ್ತಾರೆ. ಆದರೆ ಮಕ್ಕಳು ಬರುವುದು ಸೆಮಿಸ್ಟರ್ ಶುರುವಾಗುವಾಗ, ನಡುವೆ ವರ್ಷದಲ್ಲಿ ಮೂರು ತಿಂಗಳು ಖಾಲಿ ಎಂದರೆ ಬರುವುದು ಒಂಬತ್ತು ತಿಂಗಳ 21,600. ಕೊರತೆ ಇನ್ನೊಂದು 21,600. ಎರಡು ವರ್ಷಕ್ಕೆ 43,200 ಯೂರೋ ಅನುದಾನ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಇಪ್ಪತ್ತೈದನೇ ತಿಂಗಳ ಒಂದನೇ ತಾರೀಖು ಮನೆ ಮಾಲೀಕ ನೋಡುವುದು ಯಾರ ಮುಖ? ಕರಾರಿಗೆ ಸಹಿ ಹಾಕಿದ ಸಂಘದ ಮುಖ. ಇದೇ ಕೊರತೆಯನ್ನು ಶೇಕಡಾ 3ರ ಆದಾಯ ಕೊಡುವ ದತ್ತಿನಿಧಿಯಿಂದ ತುಂಬಬೇಕೆಂದರೆ 7,20,000 ಯೂರೋ ಮೂಲಧನ ಬೇಕು. ನಮ್ಮ ರಾಜ್ಯೋತ್ಸವದ ಟಿಕೆಟ್ ಹಣ ಸಭಾಂಗಣದ ಬಾಡಿಗೆಗೇ ಸಾಲುವುದಿಲ್ಲ ಎಂಬುದು ತಮಗೆ ಗೊತ್ತೇ ಇದೆ.

ಇದು ಚಿಕ್ಕ ಸಂಘದ ಕಷ್ಟ ಮಾತ್ರ ಎಂದುಕೊಳ್ಳಬೇಡಿ, ಜರ್ಮನ್ ಸರ್ಕಾರದ ಕಥೆಯೂ ಇದೇ. ಇಲ್ಲಿ ಕಟ್ಟಡ ಕಟ್ಟುವವರಿಗೆ ಸರ್ಕಾರ ಕಡಿಮೆ ಬಡ್ಡಿಯ ಸಾಲ, ಅನುದಾನ ಕೊಡುತ್ತದೆ, ಬದಲಿಗೆ ಇಂತಿಷ್ಟು ವರ್ಷ ಕಡಿಮೆ ಬಾಡಿಗೆ ಎಂಬ ಕಟ್ಟಳೆ. ಅವಧಿ ಮುಗಿದರೆ ಕಟ್ಟಡ ಅಲ್ಲೇ ಇರುತ್ತದೆ, ಬಾಡಿಗೆ ಮಾತ್ರ ಮಾರುಕಟ್ಟೆಯ ದಾರಿ ಹಿಡಿಯಬಹುದು. 2006ರಲ್ಲಿ 20 ಲಕ್ಷಕ್ಕೂ ಹೆಚ್ಚಿದ್ದ ಇಂಥ ಮನೆಗಳು 2023ರ ಕೊನೆಗೆ ಸುಮಾರು 10.7 ಲಕ್ಷಕ್ಕೆ ಇಳಿದಿದ್ದವು.

ಹಿಂದೆ ಬೇರೊಂದು ಪದ್ಧತಿಯೂ ಇತ್ತು. ಲಾಭ ಹಂಚಿಕೆಗೆ ಶೇಕಡಾ 4ರ ಮಿತಿ ಹಾಕಿಕೊಂಡು ಮನೆ ಕಟ್ಟುವ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ. ಅವುಗಳಲ್ಲಿ ದೊಡ್ಡದು ಕಾರ್ಮಿಕ ಸಂಘಟನೆಗಳ ಒಡೆತನದ ನೋಯೆ ಹೈಮಾಟ್, ನಾಲ್ಕು ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿದ ಕಂಪನಿ. 1982ರ ಫೆಬ್ರವರಿಯಲ್ಲಿ ಡೇರ್ ಶ್ಪೀಗಲ್ ಪತ್ರಿಕೆ ಅದರ ಮೇಲಧಿಕಾರಿಗಳು ಒಳಗೊಳಗೇ ದುಡ್ಡು ಮಾಡಿಕೊಂಡದ್ದನ್ನು ಬಯಲಿಗೆಳೆಯಿತು. ಸಾಲದಲ್ಲಿ ಮುಳುಗಿದ್ದ ಅದನ್ನು 1986ರಲ್ಲಿ ಒಬ್ಬ ಬ್ರೆಡ್ ಉದ್ಯಮಿಗೆ ಒಂದು ಮಾರ್ಕ್‌ಗೆ ಮಾರಿ, ಕೆಲವೇ ವಾರಗಳಲ್ಲಿ ವಾಪಸ್ ಪಡೆದರು! 1990ರಲ್ಲಿ ಆ ತೆರಿಗೆ ಪದ್ಧತಿಯನ್ನೇ ರದ್ದು ಮಾಡಲಾಯಿತು. ಮೂವತ್ತೈದು ವರ್ಷಗಳ ನಂತರ, 2025ರ ಜನವರಿ 1ರಿಂದ, ಹೊಸ ರೂಪದಲ್ಲಿ ಅದು ಮರಳಿದೆ. ಅರ್ಹರಿಗೆ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಮನೆ ಕೊಡುವುದು ಈಗ ತೆರಿಗೆ ಕಾನೂನಿನಲ್ಲಿ ಒಂದು ಸಾರ್ವಜನಿಕ ಹಿತದ ಉದ್ದೇಶ. ಒಂಟಿಯಾಗಿರುವವರ ಆದಾಯ ಸಾಮಾಜಿಕ ನೆರವಿನ ಮೂಲ ಮೊತ್ತದ ಆರು ಪಟ್ಟು ಮೀರಬಾರದು. 2025ರಲ್ಲಿ ಆ ಮೊತ್ತ 563 ಯೂರೋ, ಅಂದರೆ ತಿಂಗಳಿಗೆ 3,378 ಯೂರೋವರೆಗೆ. ನಮ್ಮ ವಿದ್ಯಾರ್ಥಿಗಳು ಆರಾಮವಾಗಿ ಒಳಗೆ ಬರುತ್ತಾರೆ. ಆದರೆ ಗಮನಿಸಿ, ಇದು ತೆರಿಗೆ ವಿನಾಯಿತಿ ಮಾತ್ರ, ಕೈಗೆ ಬರುವ ಹಣವಲ್ಲ. 'ನಮ್ಮ ಸದಸ್ಯರ ಮಕ್ಕಳಿಗೆ ಮಾತ್ರ' ಎಂದು ಬಾಗಿಲು ಹಾಕಿಕೊಂಡರೆ ಸಾರ್ವಜನಿಕ ಹಿತ ಎಂಬ ಮಾತೂ ನಿಲ್ಲುವುದಿಲ್ಲ.

ಹಾಗಾದರೆ ಬಡವರ ಸಂಘ ಏನೂ ಮಾಡಲಾಗದೇ? ಇಲ್ಲಿ ನನಗೆ ನೆನಪಾದದ್ದು ಫ್ರೀಡ್‌ರಿಚ್ ವಿಲ್‌ಹೆಲ್ಮ್ ರೈಫೈಸನ್. ಊರೂರಿನ ರೈಫೈಸನ್ ಬ್ಯಾಂಕಿನ ಬೋರ್ಡು ನೋಡಿರುತ್ತೀರಿ, ಆ ಹೆಸರಿನ ಮನುಷ್ಯ (1818-1888) ವೆಸ್ಟರ್‌ವಾಲ್ಡ್ ಸೀಮೆಯ ಹಳ್ಳಿಗಳಲ್ಲಿ ಮೇಯರ್ ಆಗಿದ್ದವನು. 1846-47ರ ಬರಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ಬ್ರೆಡ್ ಸಿಗುವಂತೆ ಮಾಡಿದ. 1849ರಲ್ಲಿ, 1854ರಲ್ಲಿ ಮತ್ತೆ ಪರೋಪಕಾರದ ಸಂಘಗಳನ್ನೇ ಕಟ್ಟಿದ. ಉಳ್ಳವರು ಕೊಡುವುದು, ಇಲ್ಲದವರು ಪಡೆಯುವುದು. ಕೆಲವು ವರ್ಷಗಳಲ್ಲಿ ಕೊಡುವವರ ಉತ್ಸಾಹ ಇಳಿಯಿತು. ಆಗ 1864ರಲ್ಲಿ ಹೆಡ್ಡೆಸ್‌ಡೋರ್ಫ್‌ನಲ್ಲಿ ನಿಯಮವನ್ನೇ ತಿರುಗಿಸಿದ: ಸಾಲ ಬೇಕಾದವನೂ ಸದಸ್ಯನಾಗಬೇಕು, ಎಲ್ಲರೂ ಎಲ್ಲರ ಸಾಲಕ್ಕೆ ಜವಾಬ್ದಾರರು, ಒಬ್ಬರನ್ನೊಬ್ಬರು ಬಲ್ಲ ಊರಿನೊಳಗಷ್ಟೇ ವ್ಯವಹಾರ. ದಾನದಿಂದ ನಿಲ್ಲದ್ದು ಇದರಿಂದ ನಿಂತಿತು.

ಈ ಕಥೆ ನಮ್ಮೂರಿಗೂ ಬಂತು. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಇಂಥ ಸಂಘಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಕೊಟ್ಟ ವರದಿಯ ತಿರುಳೇ ಭಾರತಕ್ಕೂ ಒಬ್ಬ ರೈಫೈಸನ್ ಬೇಕು ಎಂಬುದು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ವಸತಿಯಲ್ಲೂ ಹಾಗೆಯೇ, 1909ರ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿಯನ್ನು ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘ ಎನ್ನುತ್ತಾರೆ. ಜರ್ಮನಿಯಲ್ಲಿ ಇಂದು ಸುಮಾರು 2,000 ವಸತಿ ಸಹಕಾರ ಸಂಘಗಳ ಕೈಯಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳಿವೆ. ಇಲ್ಲೇ ನೆಲೆಸುವ ಯೋಚನೆ ಇರುವವರು ನಿಮ್ಮ ಊರಿನ ಗೆನೋಸ್ಸೆನ್‌ಶಾಫ್ಟ್‌ಗಳ ಕಾಯುವ ಪಟ್ಟಿಯಲ್ಲಿ ಈಗಲೇ ಹೆಸರು ಬರೆಸಿ. ವರ್ಷಗಟ್ಟಲೆ ಕಾಯಬೇಕಾಗಬಹುದು, ಆದರೆ ಕಾದವರು ಸುಖವಾಗಿದ್ದಾರೆ.

ಇನ್ನು ಕಲಿಸುವ ಮಾತು. ಸಲಹೆಯಲ್ಲಿ ಇದು ಎರಡನೇ ಸಾಲಿನಲ್ಲಿತ್ತು, ನನಗೆ ಮೊದಲ ಸಾಲಿಗೆ ಬರಬೇಕು ಅನ್ನಿಸುತ್ತದೆ. ನನ್ನ 850 ಯೂರೋ ಉಳಿಸಲು ಫ್ಲ್ಯಾಟ್ ಬೇಕಿರಲಿಲ್ಲ, ಹತ್ತು ನಿಮಿಷದ ಒಂದು ಫೋನ್ ಕರೆ ಸಾಕಿತ್ತು. ಮನೆ ನೋಡದೆ, ಕರಾರು ಇಲ್ಲದೆ ದುಡ್ಡು ಕಳಿಸಬೇಡ ಎಂದು ಯಾರಾದರೂ ಹೇಳಬೇಕಿತ್ತು. ಜರ್ಮನಿಯಲ್ಲಿ ಅಡ್ವಾನ್ಸ್, ಅಂದರೆ ಕೌಟ್ಸಿಯೋನ್, ಹೀಟಿಂಗ್ ಇತ್ಯಾದಿ ಬಿಟ್ಟ ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತ ಮೀರುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ. ಮಾಲೀಕ ಆ ಹಣವನ್ನು ತನ್ನ ಹಣದಿಂದ ಬೇರೆಯಾಗಿ ಇಡಬೇಕು. 2015ರ ಜೂನ್‌ನಿಂದ ಬಾಡಿಗೆ ಮನೆಗೆ ದಲ್ಲಾಳಿಯನ್ನು ಗೊತ್ತು ಮಾಡಿದವರೇ ಅವನ ಕಮಿಷನ್ ಕೊಡಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದ ಹುಡುಗನಿಗೆ ಇದೆಲ್ಲ ಗೊತ್ತಿರುವುದಿಲ್ಲ, ಕೇಳಿದಷ್ಟು ಕೊಟ್ಟುಬಿಡುತ್ತಾನೆ. ವೀಸಾಗೆ ತೋರಿಸುವ ಬ್ಲಾಕ್ಡ್ ಅಕೌಂಟ್‌ನ 11,904 ಯೂರೋ (2024ರ ಸೆಪ್ಟೆಂಬರ್‌ನಿಂದ ಇರುವ ಮೊತ್ತ) ಕೈಗೆ ಬರುವುದು ತಿಂಗಳಿಗೆ 992ರಂತೆ ಮಾತ್ರ, ಮೊದಲ ತಿಂಗಳ ಅಡ್ವಾನ್ಸ್‌ಗೆ ಅದು ಸಾಲದು ಎಂಬುದು ಇಲ್ಲಿಗೆ ಬಂದಮೇಲೆ ತಿಳಿಯುತ್ತದೆ.

ಈಗಾಗಲೇ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಶುಲ್ಡ್‌ನರ್‌ಬೆರಾಟುಂಗ್ ಎಂಬ ಸಲಹಾ ಕೇಂದ್ರಗಳಿವೆ. ಕಾರಿಟಾಸ್, ಡಿಯಾಕೋನಿ, ಆವೋ ಮುಂತಾದ ಸಂಸ್ಥೆಗಳು ಇವನ್ನು ನಡೆಸುತ್ತವೆ. ನಾಚಿಕೆ ಪಡದೆ ಹೋಗಬೇಕು, ಮರ್ಯಾದೆಗೆ ಅಂಜಿ ಇನ್ನೊಂದು ಕ್ರೆಡಿಟ್ ಕಾರ್ಡ್ ತೆಗೆಯುವುದೇ ನಮ್ಮವರ ದೊಡ್ಡ ಕಾಯಿಲೆ. ಖಾತೆ ಜಪ್ತಿಯಾದರೂ ಜೀವನಕ್ಕೆ ಬೇಕಾದಷ್ಟು ಹಣ ಉಳಿಸುವ ಪಿ-ಕೊಂಟೋ 2010ರಿಂದ ಇದೆ, ಅದು ಎಷ್ಟು ಜನಕ್ಕೆ ಗೊತ್ತು?

ಸಭೆಗೆ ನನ್ನ ಅಭಿಪ್ರಾಯ ಹೀಗಿದೆ, ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಫ್ಲ್ಯಾಟ್‌ಗಳಿಗೆ ಸಂಘದ ಹೆಸರಲ್ಲಿ ಸಹಿ ಹಾಕುವುದು ಈಗ ಬೇಡ. ಅನುದಾನ ಕೇಳುವುದಾದರೆ ಮುಗಿದರೂ ಯಾರೂ ಬೀದಿಗೆ ಬೀಳದಂಥ ಕೆಲಸಕ್ಕೆ ಕೇಳೋಣ: ಹೊರಡುವ ಮೊದಲೇ ಆನ್‌ಲೈನ್ ತರಗತಿ, ಕನ್ನಡದಲ್ಲಿ ಒಂದು ಕೈಪಿಡಿ, ಬಾಡಿಗೆ ಕರಾರು ಓದಿ ನೋಡುವ ವಕೀಲರ ಶುಲ್ಕ. ಮನೆಯ ವಿಷಯಕ್ಕೆ, ಖಾಲಿ ಕೋಣೆ ಇರುವ ಸದಸ್ಯರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆರು ವಾರ ಒಬ್ಬರಿಗೆ ಜಾಗ ಕೊಡುವ ಪಟ್ಟಿ ಮಾಡೋಣ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆ ಕೇಳಿಕೊಳ್ಳಬೇಕು. ಅಡ್ವಾನ್ಸ್‌ಗೆ ಬಡ್ಡಿಯಿಲ್ಲದ ಕೈಸಾಲದ ನಿಧಿ, ತೀರಿಸಿದವರ ಹಣ ಮುಂದಿನವರಿಗೆ, ಎಂಬ ಆಸೆ ನನಗಿದೆ. ಆದರೆ ಸಂಘ ಸಾಲ ಕೊಡುವುದಕ್ಕೆ ಬ್ಯಾಂಕಿಂಗ್ ಮತ್ತು ತೆರಿಗೆ ಕಾನೂನಿನ ಗಡಿಗಳಿವೆ, ತೆರಿಗೆ ಸಲಹೆಗಾರರನ್ನು ಕೇಳದೆ ಒಂದು ಯೂರೋವೂ ಕೊಡುವಂತಿಲ್ಲ. ಕೇಳಿ ಬರುವ ಕೆಲಸ ನಾನೇ ವಹಿಸಿಕೊಳ್ಳುತ್ತೇನೆ.

ಫ್ಲ್ಯಾಟೇ ಬೇಕು ಎಂದು ಬಹುಮತ ಬಂದರೂ ನನಗೆ ಬೇಸರವಿಲ್ಲ. ಖಜಾಂಚಿಯವರಿಗೆ ಒಂದೇ ವಿನಂತಿ ಮಾಡಿದ್ದೇನೆ. ಮತಕ್ಕೆ ಹಾಕುವ ಬಜೆಟ್ ಹಾಳೆಯಲ್ಲಿ ಈಗ ಎರಡು ವರ್ಷಗಳ ಅಂಕಣಗಳಷ್ಟೇ ಇವೆ. ಮೂರನೇ ವರ್ಷದ್ದೂ ಒಂದು ಹಾಕಿ, 'ಹಣ ಎಲ್ಲಿಂದ' ಎಂಬ ಸಾಲಿನಲ್ಲಿ ಪೆನ್ನಿನಿಂದ ಏನಾದರೂ ಬರೆಯಿರಿ ಎಂದೆ. "ಹೋಳಿಗೆ ತಿನ್ನಿಸಿದ್ದು ತಪ್ಪಾಯ್ತಪ್ಪಾ" ಎಂದು ನಕ್ಕರು. ಅಂಕಣ ಹಾಕಿದ್ದಾರೆ. ಹೋದ ಭಾನುವಾರ ನೋಡಿದಾಗ ಅದಿನ್ನೂ ಖಾಲಿ ಇತ್ತು.